ನಲವತ್ತಾರು ಮೀಟರ್ ಭೂಮಿ

“ನೋಡ್ತಾ ಇರು, ಸೋಮವಾರ ಶಾಲೆಗೆ ಬರೋ ಆ ಇನ್‌ಸ್ಪೆಕ್ಟರು ನನ್ನ ಪಾಠ ಕೇಳಿ ಕುರ್ಚಿಯಿಂದ ಎದ್ದು ನಿಲ್ಲದೇ ಹೋದರೆ ನಾನು ಮೇಷ್ಟ್ರೇ ಅಲ್ಲ!”

ಹೀಗೊಂದು ಘೋರ ಪ್ರತಿಜ್ಞೆಯನ್ನು ಕೋಟಿ ಮೇಷ್ಟ್ರು ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತ ಮಾಡಿದರು. ಬಾಯಿ ತುಂಬ ಪೇಸ್ಟಿನ ನೊರೆ ಇದ್ದುದರಿಂದ ಪ್ರತಿಜ್ಞೆಯ ಅರ್ಧ ಭಾಗ ಕನ್ನಡಿಯ ಮೇಲೆ ಬಿತ್ತು. ಉಳಿದರ್ಧ ಮಾತ್ರ ಹೆಂಡತಿಯ ಕಿವಿಗೆ ಬಿತ್ತು.

“ಏನಂದ್ರಿ? ನೀವು ಮೇಷ್ಟ್ರೇ ಅಲ್ವಾ? ಸೋಮವಾರದ ತನಕ ಅದನ್ನ ಯಾರಿಗೂ ಹೇಳ್ಬೇಡಿ” ಎಂದು ಅವಳು ಕನ್ನಡಿ ಒರೆಸಿದಳು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಈ ಮಹಾನುಭಾವರಿಗೆ ಕೋಟಿ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಆಸ್ತಿಯಿಂದಲ್ಲ. ಆಸ್ತಿ ಅಂತ ಅವರಿಗಿದ್ದದ್ದು ಒಂದು ಹಳೇ ಸೈಕಲ್ಲು, ಅದರ ಬೆಲ್ಲು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಅವರು ಭೂಮಿಯ ವಯಸ್ಸು, ಜೀವಿಗಳ ಚರಿತ್ರೆ ಎಂಬ ಪಾಠವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದರು. ಆ ಪಾಠ ಶುರುವಾಯಿತೆಂದರೆ ಬಾಯಲ್ಲಿ ಕೋಟಿಗಿಂತ ಕೆಳಗಿನ ಅಂಕಿಯೇ ಬರುತ್ತಿರಲಿಲ್ಲ. ಮಕ್ಕಳು ಇಟ್ಟ ಹೆಸರು ಹೆಡ್‌ಮೇಡಂ ಬಾಯಿಗೂ ಹತ್ತಿ, ಈಗ ಪೋಸ್ಟ್‌ಮ್ಯಾನ್ ಕೂಡ “ಕೋಟಿ ಮೇಷ್ಟ್ರೇ, ಪೋಸ್ಟ್!” ಎಂದೇ ಕೂಗುತ್ತಿದ್ದ.

ಶಾಲೆಯಲ್ಲಿ ಜ್ಞಾನವಾಗಿದ್ದ ಈ ಕೋಟಿ ಮನೆಯಲ್ಲಿ ಮಾತ್ರ ಸೋಮಾರಿತನಕ್ಕೆ ಒಳ್ಳೇ ಗುರಾಣಿಯಾಗಿತ್ತು.

“ರೀ, ಅಡುಗೆಮನೆ ನಲ್ಲಿ ಒಂದು ತಿಂಗಳಿಂದ ಸೋರ್ತಿದೆ.”

“ಭೂಮಿಗೆ ನಾನೂರ ಅರವತ್ತು ಕೋಟಿ ವರ್ಷ ವಯಸ್ಸು ಕಣೇ! ಅದರ ಮುಂದೆ ಒಂದು ತಿಂಗಳು ಯಾವ ಲೆಕ್ಕ?”

“ಹೀಗೇ ಬಿಟ್ರೆ ಅಡುಗೆಮನೆ ಸಮುದ್ರ ಆಗುತ್ತೆ.”

“ಸಮುದ್ರ ಆಗಿದ್ದೂ ಹೀಗೇ, ನಿಧಾನವಾಗಿ. ಅವಸರ ಮಾಡಿದವರು ಯಾರೂ ಇರಲಿಲ್ಲ.”

ಅವರ ಅತ್ತೆಯ ಕನ್ನಡಕದ ಗತಿಯೂ ಇದೇ ಆಗಿತ್ತು. ಅದರ ಒಂದು ಕಡ್ಡಿಯ ಸ್ಕ್ರೂ ಎಲ್ಲೋ ಬಿದ್ದುಹೋಗಿ ಎರಡು ತಿಂಗಳಾಗಿತ್ತು. ತಲೆ ಬಗ್ಗಿಸಿದರೆ ಸಾಕು, ಕನ್ನಡಕ ಜಾರಿ ಮಡಿಲಿಗೆ ಬೀಳುತ್ತಿತ್ತು. “ಅಳಿಯಂದ್ರೇ, ಇದೊಂದು ರಿಪೇರಿ ಮಾಡಿಸ್ಕೊಂಡು ಬನ್ನಿ” ಎಂದು ಆಕೆ ಕೇಳಿದಾಗಲೆಲ್ಲ ಮೇಷ್ಟ್ರು “ನಾಳೆ ಅತ್ತೆ, ನಾಳೆ” ಎನ್ನುತ್ತಿದ್ದರು. ಅತ್ತೆ ಸಣ್ಣ ಆಸಾಮಿಯಲ್ಲ. ರೆಡಿಮೇಡ್ ಬಟ್ಟೆಯ ಕಾರ್ಖಾನೆಯಲ್ಲಿ ಜನ್ಮವೆಲ್ಲ ಬಟ್ಟೆ ಕತ್ತರಿಸಿ ನಿವೃತ್ತರಾದವರು. ಅವರ ಕೈಗೆ ಕತ್ತರಿ ಬಂತೆಂದರೆ ಬೆಕ್ಕು ಕೂಡ ಬಾಲ ಒಳಗೆಳೆದುಕೊಂಡು ಕೂರುತ್ತಿತ್ತು.

ಹೆಂಡತಿ ಟೈಲರ್. ಇಷ್ಟು ವರ್ಷ ಅವಳ ಮಿಷನ್ನಿಗೆ ಸಿಕ್ಕಿದ್ದೆಲ್ಲ ಹರಿದ ಜೇಬು, ಕೆಟ್ಟ ಜಿಪ್ಪು, ಅಕ್ಕಪಕ್ಕದ ಮಕ್ಕಳ ಉದ್ದವಾದ ಪ್ಯಾಂಟು. ಕೊನೆಗೂ ಮೊನ್ನೆ ಒಂದು ದೊಡ್ಡ ಆರ್ಡರ್ ಬಂದಿತ್ತು. ಶಾಲೆಯ ಹಾಲಿನ ಸ್ಟೇಜಿಗೆ ಹೊಸ ಪರದೆ! “ಮೇಷ್ಟ್ರ ಹೆಂಡತಿ ಅಂತ ಕೊಟ್ರಾ?” ಎಂದು ಸ್ಟಾಫ್ ರೂಮಿನಲ್ಲಿ ಗುಸುಗುಸು ಎದ್ದಾಗ ಹೆಡ್‌ಮೇಡಂ “ಆಕೆ ಹೊಲಿಗೆ ನೋಡಿ ಕೊಟ್ಟಿದ್ದೀನಿ. ಕೆಟ್ಟರೆ ನನ್ನನ್ನ ಕೇಳಿ” ಎಂದು ಬಾಯಿ ಮುಚ್ಚಿಸಿದ್ದರು. ಹೆಂಡತಿ ಅಂದೇ ಹೋಗಿ ‘ಟೈಲರಿಂಗ್ ಮತ್ತು ಪರದೆಗಳು’ ಎಂದು ಒಂದು ಬೋರ್ಡ್ ಬರೆಸಿಕೊಂಡು ಬಂದಿದ್ದಳು. ಅದನ್ನು ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಳು. ಪರದೆ ಚೆನ್ನಾಗಿ ಬಂದರೆ ಬಾಗಿಲಿಗೆ ತೂಗುಹಾಕುವುದು, ಇಲ್ಲವಾದರೆ ಅದು ಮಂಚದ ಕೆಳಗೇ ಇರುವುದು. ದಿನಕ್ಕೊಮ್ಮೆ ಬಗ್ಗಿ ಅದನ್ನು ನೋಡಿ ಬರುತ್ತಿದ್ದಳು.

ಪರದೆ ಸೋಮವಾರ ಬೆಳಿಗ್ಗೆ, ಇನ್‌ಸ್ಪೆಕ್ಟರು ಬರುವ ಮೊದಲು ಸ್ಟೇಜಿನ ಮೇಲಿರಬೇಕು ಎಂದು ಹೆಂಡತಿ ಮೇಷ್ಟ್ರಿಗೆ ಹೇಳಿದ್ದಳು. ಹೆಡ್‌ಮೇಡಂ ಮೀಟಿಂಗಿನಲ್ಲೂ ಹೇಳಿದ್ದರು. ಮೇಷ್ಟ್ರು ಎರಡು ಕಡೆಯೂ “ಹೂಂ” ಎಂದಿದ್ದರು. ಆದರೆ ಆ ಹೊತ್ತಿಗೆ ಅವರ ತಲೆಯೊಳಗೆ ಡೈನೋಸಾರುಗಳು ಓಡಾಡುತ್ತಿದ್ದುದರಿಂದ ಮಾತು ಒಳಗೆ ಹೋಗಲು ಜಾಗವಿರಲಿಲ್ಲ. ಪರದೆ ಮುಂದಿನ ತಿಂಗಳ ವಾರ್ಷಿಕೋತ್ಸವಕ್ಕೆ ಎಂದೇ ಅವರು ತಿಳಿದುಕೊಂಡಿದ್ದರು.

ಅವರ ಚಿಂತೆಯೇ ಬೇರೆ ಇತ್ತು. ಭೂಮಿಯ ಚರಿತ್ರೆಯನ್ನೆಲ್ಲ ಒಂದೇ ಅಳತೆಯಲ್ಲಿ ಮಕ್ಕಳ ಕಣ್ಣಿಗೆ ಕಟ್ಟುವಂತೆ ತೋರಿಸಬೇಕು! ಕಪ್ಪುಹಲಗೆಯ ಮೇಲೆ ಗೆರೆ ಎಳೆದು ನೋಡಿದ್ದರು. ಮನುಷ್ಯನಿಗೆ ಜಾಗವೇ ಉಳಿಯಲಿಲ್ಲ. ಸೀಮೆಸುಣ್ಣದ ಮೊನೆಯೇ ಎಷ್ಟೋ ಲಕ್ಷ ವರ್ಷ ದಪ್ಪವಾಗುತ್ತಿತ್ತು. ಶನಿವಾರ ಮಧ್ಯಾಹ್ನ ಹೀಗೆ ತಲೆ ಕೆರೆದುಕೊಳ್ಳುತ್ತ ಕೂತಾಗ ಅವರ ದೃಷ್ಟಿ ಮೂಲೆಯಲ್ಲಿದ್ದ ಬಟ್ಟೆಯ ಥಾನಿನ ಮೇಲೆ ಬಿತ್ತು. ಕೆನೆ ಬಣ್ಣದ ದಪ್ಪ ಬಟ್ಟೆ, ಮೇಲೊಂದು ಚೀಟಿ: ನಲವತ್ತಾರು ಮೀಟರ್.

ಮೇಷ್ಟ್ರಿಗೆ ಮೈ ಝುಮ್ಮೆಂದಿತು. ಭೂಮಿಗೆ ನಾನೂರ ಅರವತ್ತು ಕೋಟಿ, ಬಟ್ಟೆ ನಲವತ್ತಾರು ಮೀಟರ್! ಮೀಟರಿಗೆ ಹತ್ತು ಕೋಟಿ ವರ್ಷ! ಹೆಂಡತಿ ಪರದೆಯ ಒಂಬತ್ತು ಪಟ್ಟಿಗೆ ಐದೈದು ಮೀಟರ್, ಕೈ ತಪ್ಪಿದರೆ ಇರಲಿ ಎಂದು ಮೇಲೊಂದು ಮೀಟರ್ ತಂದದ್ದನ್ನು ಅವರು ವಿಶ್ವದ ಸಂಕೇತವೆಂದು ತಿಳಿದರು. ಸೋಮವಾರ ಥಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವುದು, ಶಾಲೆಯ ಉದ್ದನೆ ವರಾಂಡದಲ್ಲಿ ಮಕ್ಕಳ ಕೈಯಲ್ಲಿ ಹಿಡಿಸುವುದು, ಸಂಜೆ ಗುರುತು ಒರೆಸಿ ತಂದಿಡುವುದು. ಕಾಕಪಿಳ್ಳೆಗೂ ತಿಳಿಯದು!

ಹೆಂಡತಿ ಪರದೆಯ ರಿಂಗು ತರಲು ಪೇಟೆಗೆ ಹೋಗಿದ್ದಳು. ಅತ್ತೆ ಒಳಗೆ ಗೊರಕೆ ಹೊಡೆಯುತ್ತಿದ್ದರು. ಮೇಷ್ಟ್ರು ಸೆರಗು ಸಿಕ್ಕಿಸುವವರಂತೆ ಲುಂಗಿ ಎತ್ತಿ ಕಟ್ಟಿ ಭೂಮಿಯನ್ನು ಬಿಚ್ಚತೊಡಗಿದರು. ಭೂಮಿ ನಡುಮನೆಯ ಬಾಗಿಲಲ್ಲಿ ಹುಟ್ಟಿತು. ಮಂಚವನ್ನು ಸುತ್ತಿ ಬರುವಷ್ಟರಲ್ಲಿ ತಣ್ಣಗಾಯಿತು. ಎಂಟನೇ ಮೀಟರಿನಲ್ಲಿ, ಅಕ್ಕಿ ಡಬ್ಬದ ಪಕ್ಕ, ಮೊದಲ ಜೀವಿ ಕಣ್ಣು ಬಿಟ್ಟಿತು. ಕಣ್ಣು ಬಿಟ್ಟಿತು ಎನ್ನುವುದೂ ತಪ್ಪು, ಅದಕ್ಕೆ ಕಣ್ಣೇ ಇರಲಿಲ್ಲ. ಅಲ್ಲಿಂದ ಮುಂದೆ ಮೂವತ್ತು ಮೀಟರಿಗೂ ಮಿಕ್ಕಿ ಬರೀ ಕಣ್ಣಿಗೆ ಕಾಣದ ಅಣುಜೀವಿಗಳದ್ದೇ ಸಂಸಾರ. ಅಷ್ಟು ದೂರದಲ್ಲಿ ಗುರುತು ಹಾಕುವಂಥದ್ದು ನಡೆದದ್ದು ಒಂದೇ. ಇಪ್ಪತ್ತೆರಡನೇ ಮೀಟರಿನ ಹತ್ತಿರ, ಗಾಳಿಯಲ್ಲಿ ಆಮ್ಲಜನಕ ಸೇರಿತು. ನಲವತ್ತನೇ ಮೀಟರಿಗೆ, ಹಿತ್ತಿಲ ಬಾಗಿಲಲ್ಲಿ, ಪ್ರಾಣಿಗಳು ಕಾಣಿಸಿಕೊಂಡವು. ಆಮೇಲೆ ನೋಡಿ ನೂಕುನುಗ್ಗಲು! ಗಿಡಗಳು ನೆಲಕ್ಕೆ ಹತ್ತಿದವು, ಡೈನೋಸಾರು ಬಂದಿತು, ಡೈನೋಸಾರು ಹೋಯಿತು. ಕಟ್ಟಕಡೆಗೆ, ಬಟ್ಟೆಯ ಅಂಚಿಗೆ ಮೂರು ಮಿಲಿಮೀಟರ್ ಉಳಿದಿರುವಾಗ, ಮನುಷ್ಯ ಬಂದ. ಸಾಮ್ರಾಜ್ಯ, ಯುದ್ಧ, ಚುನಾವಣೆ, ಸ್ಟಾಫ್ ಮೀಟಿಂಗು ಎಲ್ಲವೂ ಆ ಮೂರು ಮಿಲಿಮೀಟರಿನೊಳಗೇ! ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಗುರುತು ಹಾಕಲು ಹೆಂಡತಿಯ ಡಬ್ಬಿಯಲ್ಲಿ ಟೈಲರ್ ಸುಣ್ಣದ ಎರಡು ಬಿಲ್ಲೆ ಇದ್ದವು, ನೀಲಿ ಒಂದು, ಕೆಂಪು ಒಂದು. ಮೇಷ್ಟ್ರ ಕೈ ತಾನಾಗಿಯೇ ಕೆಂಪಿಗೆ ಹೋಯಿತು. ಮುಖ್ಯವಾದದ್ದರ ಕೆಳಗೆ ಕೆಂಪು ಗೆರೆ ಎಳೆಯುವುದು ಅವರಿಗೆ ಉಸಿರಾಟದಷ್ಟೇ ಅಭ್ಯಾಸ. ದಿನಪತ್ರಿಕೆಯಲ್ಲೂ ತಪ್ಪು ಕಂಡರೆ ಗೆರೆ ಎಳೆದು ಮಾರ್ಕು ಹಾಕುವ ಜಾತಿ. ಒಂದು ಮಹಾಘಟನೆಗೆ ಒಂದರಂತೆ, ಅಂಚಿನಿಂದ ಅಂಚಿಗೆ ಏಳು ಕೆಂಪು ಗೆರೆ ಎಳೆದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ವಿವರ ಬರೆದರು. ಮತ್ತೆ ನೀಟಾಗಿ ಸುತ್ತಿ, ಏನೂ ಅರಿಯದವರಂತೆ ಮೂಲೆಗೆ ಇಟ್ಟು ಕಾಫಿ ಕಾಯಿಸಲು ಹೋದರು. ತಾವೇ ಕಾಫಿ ಕಾಯಿಸಿದ್ದನ್ನು ಕಂಡು ಹೆಂಡತಿಗೆ ಅನುಮಾನ ಬಂದದ್ದು ಹೌದು, ಆದರೆ ಎಲ್ಲಿ ಹುಡುಕಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

ಮೇಷ್ಟ್ರಿಗೆ ತಿಳಿಯದೇ ಇದ್ದ ಸಂಗತಿ ಒಂದೇ ಒಂದು. ಈ ಮನೆಯ ಹೊಲಿಗೆ ಕಾನೂನಿನಲ್ಲಿ ನೀಲಿ ಗೆರೆ ಎಂದರೆ ಮಡಿಚು, ಕೆಂಪು ಗೆರೆ ಎಂದರೆ ಕತ್ತರಿಸು.

ಭಾನುವಾರ ಬೆಳಿಗ್ಗೆ ಹೆಂಡತಿ ಬಟ್ಟೆಗೆ ಗುರುತು ಹಾಕಬೇಕೆಂದು ಕೂರುವಷ್ಟರಲ್ಲಿ ಹೆಡ್‌ಮೇಡಂ ಫೋನು ಬಂತು. ಪರದೆಯ ಸರಳು ಹಾಕುವವನು ಬಂದಿದ್ದಾನೆ, ಎತ್ತರ ನೋಡಿಹೋಗಿ ಎಂದು. ಅವಳು “ಅಮ್ಮ, ಬಂದು ಗುರುತು ಹಾಕ್ತೀನಿ, ಆಮೇಲೆ ಕತ್ತರಿಸು” ಎಂದು ಹೊರಟಳು. ಮೇಷ್ಟ್ರು ಇನ್‌ಸ್ಪೆಕ್ಟರಿಗೆ ತಕ್ಕ ಮುಖ ಮಾಡಿಸಿಕೊಳ್ಳಲು ಕ್ಷೌರದಂಗಡಿಗೆ ಹೋದರು. ಅಲ್ಲಿ ಕ್ಷೌರಿಕನಿಗೂ ಡೈನೋಸಾರಿನ ಪಾಠ ಹೇಳಿದ್ದರಿಂದ ಒಂದು ಕಡೆ ಕಿವಿಯ ಪಕ್ಕದ ಕೃದಾ ಸ್ವಲ್ಪ ಮೇಲೆ ಹೋಯಿತು.

ವಾಪಸ್ಸು ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ “ಕರ್ರ್” ಎಂಬ ದೀರ್ಘವಾದ ಸದ್ದು ಕೇಳಿಸಿತು.

ನಡುಮನೆಯಲ್ಲಿ ಅತ್ತೆ ಕತ್ತರಿ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಮುಖದಲ್ಲಿ ಕೆಲಸ ಮುಗಿಸಿದ ತೃಪ್ತಿ. ಸುತ್ತ ಬಟ್ಟೆಯ ತುಂಡುಗಳು, ಒಂದು ಗುಡ್ಡದಷ್ಟು, ಒಂದು ಟವೆಲಿನಷ್ಟು!

“ಅತ್ತೆ! ಏನು ಮಾಡಿದ್ರಿ?”

“ಮಗಳು ಗುರುತು ಹಾಕಿಟ್ಟು ಮರೆತೇಬಿಟ್ಟಿದ್ಲು. ಪಾಪ, ಎಷ್ಟು ಕೆಲಸ ಅವಳಿಗೆ! ಬರೋದ್ರೊಳಗೆ ಕತ್ತರಿಸಿ ಮುಗಿಸಿದೆ.”

“ಒಂದೊಂದು ಒಂದೊಂದು ಅಳತೆ ಇದೆಯಲ್ಲ ಅತ್ತೆ, ಅನುಮಾನ ಬರಲಿಲ್ವೇ?”

“ಏನೋ ಹೊಸ ಫ್ಯಾಷನ್ನು ಅಂದ್ಕೊಂಡೆ. ಕೆಂಪು ಗೆರೆ ಕಂಡಮೇಲೆ ಕಟ್ಟರ್ ಆದವಳು ಪ್ರಶ್ನೆ ಕೇಳಬಾರದು.”

“ಪಕ್ಕದಲ್ಲಿ ಬರೆದಿದ್ದೆನಲ್ಲಾ! ‘ಇಲ್ಲಿ ಡೈನೋಸಾರುಗಳು ನಾಶವಾದವು’ ಅಂತ!”

ಅತ್ತೆ ನಿಧಾನವಾಗಿ ಅಳಿಯನನ್ನು ನೋಡಿದರು. “ಓದೋಕೆ ಬಗ್ಗಿದರೆ ಕನ್ನಡಕ ನಿಲ್ಲಬೇಕಲ್ಲ ಅಳಿಯಂದ್ರೇ?”

ಅಷ್ಟರಲ್ಲಿ ಗೇಟಿನ ಸದ್ದಾಯಿತು. ನೆಲ ಬಿರಿದು ನುಂಗಬಾರದೇ ಎಂದು ಮೇಷ್ಟ್ರು ಕಾಲ ಕೆಳಗೆ ನೋಡಿದರು. ಇಷ್ಟು ವರ್ಷ ಹೊಗಳಿದ ಭೂಮಿ ಸಮಯಕ್ಕೆ ಬಿರಿಯಲಿಲ್ಲ.

ಹೆಂಡತಿ ಬಾಗಿಲಲ್ಲೇ ನಿಂತಳು. ಬಟ್ಟೆ ನೋಡಿದಳು, ಅಮ್ಮನನ್ನು ನೋಡಿದಳು, ಕೊನೆಗೆ ಗಂಡನ ಕೈಬೆರಳಲ್ಲಿ ನಿನ್ನೆಯಿಂದ ಅಂಟಿಕೊಂಡಿದ್ದ ಕೆಂಪು ನೋಡಿದಳು. ಕೂಗಾಡುತ್ತಾಳೆ ಎಂದು ಮೇಷ್ಟ್ರು ಕಾದರು. ಅವಳು ಕೂಗಲಿಲ್ಲ. ಒಂದು ತುಂಡನ್ನು ಮಡಿಲಿಗೆ ಎಳೆದುಕೊಂಡು ನೆಲದ ಮೇಲೆ ಕೂತಳು.

“ನಾಳೆ ಬೆಳಿಗ್ಗೆ ಕೊಡಬೇಕು ಕಣ್ರೀ ಇದನ್ನ” ಎಂದಳು. “ಮೊದಲನೇ ದೊಡ್ಡ ಕೆಲಸ. ಹೆಡ್‌ಮೇಡಂ ಅಷ್ಟು ಜನರ ಎದುರು ನನ್ನ ಪರವಾಗಿ ಮಾತಾಡಿದ್ರು.”

“ನಾಳೆನಾ? ಮುಂದಿನ ತಿಂಗಳು ಅಲ್ವಾ?”

“ಮೂರು ಸಲ ಹೇಳಿದ್ದೆ. ಮೂರು ಸಲವೂ ಹೂಂ ಅಂದ್ರಿ.”

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಈ ಮೆಲುದನಿಯನ್ನು ತಡೆದುಕೊಳ್ಳಲು ಆಗಲಿಲ್ಲ. ಮಂಚದ ಕೆಳಗೆ ಪೇಪರ್ ಸುತ್ತಿದ ಬೋರ್ಡಿನ ಮೂಲೆ ಇಣುಕುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವರಿಗೆ ಒಂದು ದಿನ ಎನ್ನುವುದು ಬಹಳ ದೊಡ್ಡದಾಗಿ ಕಂಡಿತು.

“ಏನು ಮಾಡಬೇಕು ಹೇಳು, ಮಾಡ್ತೀನಿ.”

“ಮೊದಲು ಬಾಯಿ ಮುಚ್ಕೊಂಡು ಟೇಪ್ ಹಿಡೀರಿ.”

ಅಳೆದು ನೋಡಿದಾಗ ಒಂದು ಸಮಾಧಾನ ಸಿಕ್ಕಿತು. ಅಣುಜೀವಿಗಳ ಕಾಲದಲ್ಲಿ ಹೆಚ್ಚಿಗೆ ಏನೂ ನಡೆಯದೇ ಇದ್ದುದರಿಂದ ಅಲ್ಲಿ ಗೆರೆಗಳೂ ಕಡಿಮೆ ಬಿದ್ದಿದ್ದವು. ಆ ದೊಡ್ಡ ತುಂಡುಗಳಿಂದ ಆರು ಪಟ್ಟಿ ಪೂರ್ತಿ ಸಿಕ್ಕವು. ಉಳಿದ ಮೂರನ್ನು ಚೂರುಪಾರು ಜೋಡಿಸಿ ಹೊಲಿಯಬೇಕು.

“ನೋಡಿದ್ರಾ?” ಎಂದಳು ಹೆಂಡತಿ, ದಾರ ಪೋಣಿಸುತ್ತ. “ಎಲ್ಲೆಲ್ಲಿ ನಿಮ್ಮ ಮಹಾಘಟನೆ ನಡೀತೋ ಅಲ್ಲೆಲ್ಲ ನನ್ನ ಬಟ್ಟೆ ಹರಿದಿದೆ. ಸುಮ್ನೆ ಇದ್ದ ಜೀವಿಗಳು ಮಾನ ಉಳಿಸಿವೆ. ಅವುಗಳನ್ನ ನೋಡಿ ಕಲೀರಿ.”

ಆ ಭಾನುವಾರ ಕೋಟಿ ಮೇಷ್ಟ್ರು ಪಿನ್ನು ಚುಚ್ಚಿದರು, ಇಸ್ತ್ರಿ ಹಾಕಿದರು, ಕೆಂಪು ಗೆರೆ ಉಜ್ಜಿದರು, ಅತ್ತೆಗೆ ಎರಡು ಸಲ ಕಾಫಿ ಕೊಟ್ಟರು. ಕೋಟಿ ಎಂಬ ಶಬ್ದ ಒಮ್ಮೆಯೂ ಬಾಯಿಂದ ಬರಲಿಲ್ಲ. ಎರಡು ಪಟ್ಟಿಯ ಜೋಡಣೆ ಸ್ಟೇಜಿನ ನೆರಿಗೆಯಲ್ಲಿ ಅಡಗಿಹೋಗುವಂತೆ ಹೆಂಡತಿ ಹೊಲಿದಳು. ಒಂಬತ್ತನೆಯದನ್ನು ಮಾತ್ರ ಅಡಗಿಸಲು ಆಗಲಿಲ್ಲ, ಎಲ್ಲಾ ಸಣ್ಣ ತುಂಡುಗಳೂ ಅದರ ಪಾಲಿಗೇ ಬಂದಿದ್ದವು. ಅಡಗದಿದ್ದರೆ ಎದ್ದು ಕಾಣಲಿ ಎಂದು ಅವಳು ದೊಡ್ಡ ತುಂಡು ಕೆಳಗೆ, ಮೇಲೆ ಮೇಲೆ ಸಣ್ಣದು, ನಡುವೆ ಕಂದು ಪಟ್ಟಿ ಕೊಟ್ಟು ಡಿಸೈನ್ ಮಾಡಿಬಿಟ್ಟಳು. ರಾತ್ರಿ ಊಟದ ಹೊತ್ತಿಗೆ ಪರದೆ ಮುಗಿದಾಗ ಮೇಷ್ಟ್ರಿಗೆ ಹೆಂಡತಿಯ ಮೇಲೆ ಹೆಮ್ಮೆ ಉಕ್ಕಿತು. ಹೇಳಲು ಧೈರ್ಯ ಸಾಲಲಿಲ್ಲ.

ಸೋಮವಾರ ಹಾಲಿನಲ್ಲಿ ಪರದೆ ತೂಗಾಡುತ್ತಿತ್ತು. ಮೇಷ್ಟ್ರ ಪಾಠವೂ ಅಲ್ಲೇ ಏರ್ಪಾಡಾಗಿತ್ತು. ಇನ್‌ಸ್ಪೆಕ್ಟರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಹೆಡ್‌ಮೇಡಂ. ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಮಗಳ ಪರದೆ ನೋಡಲೆಂದು ಬೇಗನೇ ಬಂದಿದ್ದ ಅತ್ತೆ ಮಕ್ಕಳ ಮೊದಲ ಬೆಂಚಿನಲ್ಲೇ ಜಾಗ ಹಿಡಿದು, ಪಕ್ಕದ ಹುಡುಗಿಯರ ಜೊತೆ ಗುಸುಗುಸು ಮಾತಾಡುತ್ತಿದ್ದರು.

ಪಾಠಕ್ಕೆ ಮೇಷ್ಟ್ರ ಕೈಯಲ್ಲಿ ಏನೂ ಇರಲಿಲ್ಲ. ಏನು ಹೇಳಲಿ ಎಂದು ತಿರುಗಿದವರಿಗೆ ಒಂಬತ್ತನೇ ಪಟ್ಟಿ ಕಾಣಿಸಿತು. ಕೆಳಗೆ ಗಿಡಗಳು ನೆಲಕ್ಕೆ ಬಂದ ಕಾಲದ ತುಂಡು, ಅದರ ಮೇಲೆ ಡೈನೋಸಾರಿನದು, ಅದರ ಮೇಲೆ ಡೈನೋಸಾರು ಹೋದಮೇಲಿನದು. ಹಳೆಯದು ಕೆಳಗೆ, ಹೊಸದು ಮೇಲೆ!

“ಮಕ್ಕಳೇ!” ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. “ಈ ಪರದೆ ನೋಡಿ! ಭೂಮಿಯೊಳಗೆ ಬಂಡೆಯ ಪದರಗಳು ಕೂತಿರೋದೇ ಹೀಗೆ! ಅತ್ತ ಕಡೆಯ ಎಂಟು ಪಟ್ಟಿಗಳಲ್ಲಿ ಹುಡುಕಿದರೂ ಒಂದು ಗಿಡ ನೆಲದ ಮೇಲೆ ಸಿಗೋದಿಲ್ಲ. ನಿಮಗೆ ಗೊತ್ತಿರೋ ಕಾಡು, ಹಕ್ಕಿ, ಆನೆ ಎಲ್ಲಾ ಈ ಒಂದೇ ಒಂದು ಪಟ್ಟಿಯಲ್ಲಿ!”

ಮಕ್ಕಳು ಆ ಕಡೆಯಿಂದ ಈ ಕಡೆಗೆ ಕತ್ತು ಹೊರಳಿಸಿ ನೋಡಿದರು. ಎಷ್ಟು ಉದ್ದದ ನಿರ್ಜನ ಕಾಲ, ಎಷ್ಟು ಚಿಕ್ಕ ಜಾಗದಲ್ಲಿ ಎಷ್ಟೊಂದು ಜೀವ! ಇನ್‌ಸ್ಪೆಕ್ಟರು ಪರದೆಯನ್ನು ಹತ್ತಿರದಿಂದ ನೋಡಲು ಕುರ್ಚಿಯಿಂದ ಎದ್ದು ನಿಂತರು. ಪ್ರತಿಜ್ಞೆ ನೆರವೇರಿತು! ಅಲ್ಲಿಗೇ ನಿಲ್ಲಿಸಿದ್ದರೆ ಮೇಷ್ಟ್ರು ಉಳಿದುಕೊಳ್ಳುತ್ತಿದ್ದರು. ಆದರೆ ಹುರುಪಿನಲ್ಲಿ ಮೊದಲ ಬೆಂಚಿಗೆ ಪ್ರಶ್ನೆ ಎಸೆದರು.

“ಈ ಹೊಲಿಗೆ ನೋಡಿ. ಇಲ್ಲಿ ಡೈನೋಸಾರುಗಳು ಮುಗಿದವು. ಯಾಕೆ ಮುಗಿದವು, ಯಾರು ಹೇಳ್ತೀರಾ?”

ಅತ್ತೆಯ ಪಕ್ಕದ ಹುಡುಗಿ ಟಪ್ಪನೆ ಎದ್ದಳು. “ನಿಮ್ಮ ಅತ್ತೆ ಕತ್ತರಿಸಿದ್ದಕ್ಕೆ ಸಾರ್!”

ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಡ್‌ಮೇಡಂ ಕರವಸ್ತ್ರದೊಳಗೆ ಮುಖ ಇಟ್ಟುಕೊಂಡರು. ನಗು ಇಳಿದ ಮೇಲೆ ಇನ್‌ಸ್ಪೆಕ್ಟರು ಕಣ್ಣೊರೆಸಿಕೊಂಡು ಕೇಳಿದರು:

“ಎಲ್ಲಾ ಸರಿ ಮೇಷ್ಟ್ರೇ, ಮನುಷ್ಯ ಎಲ್ಲಿ? ಈ ಪಟ್ಟಿಯಲ್ಲಿ ಅವನು ಕಾಣ್ತಾನೇ ಇಲ್ಲ.”

ಮೇಷ್ಟ್ರು ಪರದೆಯ ತುದಿ ನೋಡಿದರು. ಹೌದು, ಎಂಟನೇ ತುಂಡು, ಆ ಮೂರು ಮಿಲಿಮೀಟರ್! ನಿನ್ನೆಯ ಗಡಿಬಿಡಿಯಲ್ಲಿ ಯಾರೂ ಅದನ್ನು ಹುಡುಕಿರಲೇ ಇಲ್ಲ.

“ಇಲ್ಲಿದ್ದಾನೆ ಸ್ವಾಮೀ!”

ಅತ್ತೆ ಎದ್ದು ನಿಂತಿದ್ದರು. ಕನ್ನಡಕ ತೆಗೆದು ಎತ್ತಿ ಹಿಡಿದರು. ಸ್ಕ್ರೂ ಇಲ್ಲದ ಕಡ್ಡಿಗೆ ಕೆನೆ ಬಣ್ಣದ ತೆಳ್ಳನೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು.

“ಇಷ್ಟು ಸಣ್ಣ ಪಟ್ಟಿ ಪರದೆಗೆ ಯಾಕೆ ಬೇಕು ಅಂತ ಇದಕ್ಕೆ ಕಟ್ಟಿಕೊಂಡೆ. ಎರಡು ತಿಂಗಳಿಂದ ಅಳಿಯಂದಿರು ನಾಳೆ ನಾಳೆ ಅಂತಿದ್ರು. ಈ ಮನುಷ್ಯನಾದರೂ ಕೆಲಸಕ್ಕೆ ಬಂದ!”

ಇನ್‌ಸ್ಪೆಕ್ಟರು ಆ ಕನ್ನಡಕವನ್ನು ಕೈಗೆ ತೆಗೆದುಕೊಂಡು, ಮೂರು ಲಕ್ಷ ವರ್ಷದ ಮಾನವ ಚರಿತ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಗಂಟು ಗಟ್ಟಿಯಾಗಿದೆ” ಎಂದು ಸರ್ಟಿಫಿಕೇಟ್ ಕೊಟ್ಟರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯ ಕಡೆ ತಿರುಗಿದರು.

“ಹೊಲಿದವರು ನೀವೇನಾ ಅಮ್ಮ? ಆ ಕೊನೇ ಪಟ್ಟಿಯ ಡಿಸೈನ್ ಚೆನ್ನಾಗಿದೆ. ನಮ್ಮ ಆಫೀಸಿನ ಕಿಟಕಿಗಳಿಗೂ ಅಂಥದ್ದೇ ಬೇಕು. ಗೆರೆ ಹಾಕೋಕೆ ಮಾತ್ರ ಮೇಷ್ಟ್ರನ್ನ ಕರೀಬೇಡಿ.”

ಅಂದು ಸಂಜೆ ಬೋರ್ಡ್ ಮಂಚದ ಕೆಳಗಿನಿಂದ ಬಾಗಿಲಿಗೆ ಬಂತು. ಸ್ಟೂಲು ಹತ್ತಿ ಮೊಳೆ ಹೊಡೆದವರು ಕೋಟಿ ಮೇಷ್ಟ್ರೇ. ಹೆಬ್ಬೆರಳಿಗೆ ಒಂದೇಟು ಬಿದ್ದರೂ ಚಕಾರವೆತ್ತಲಿಲ್ಲ. ಹೆಂಡತಿ ದೂರ ನಿಂತು, ತಲೆ ಓರೆ ಮಾಡಿ, ತನ್ನ ಬೋರ್ಡನ್ನು ಕಣ್ತುಂಬ ನೋಡಿದಳು. ಮೇಷ್ಟ್ರು ಸ್ಟೂಲಿನಿಂದಿಳಿದು, ಅತ್ತೆಯ ಕನ್ನಡಕವನ್ನು ಮೆತ್ತಗೆ ಜೇಬಿಗಿಳಿಸಿ, ಸೈಕಲ್ ಸ್ಟ್ಯಾಂಡ್ ತೆಗೆದರು.

“ಎಲ್ಲಿಗೆ ಹೊರಟ್ರಿ ಈ ಹೊತ್ತಲ್ಲಿ?”

“ಕನ್ನಡಕದ ಅಂಗಡಿಗೆ. ಮುಚ್ಚೋದ್ರೊಳಗೆ ಹೋಗ್ಬೇಕು.”

“ನಾಳೆ ಹೋದರಾಯ್ತು ಬಿಡಿ” ಎಂದಳು ಹೆಂಡತಿ. “ಭೂಮಿಗೆ ನಾನೂರ ಅರವತ್ತು ಕೋಟಿ ವರ್ಷ ವಯಸ್ಸು. ಅದರ ಮುಂದೆ ಒಂದು ದಿನ ಯಾವ ಲೆಕ್ಕ?”